ನೀರು ಹೋಗದ ಜಾಯಿಂಟು

ಗೋಕಾಕದಿಂದ ಮೂಡಲಗಿಗೆ ಹೋಗುವ ರಸ್ತೆಯ ಮೇಲೆ ನನ್ನ ಗ್ಯಾರೇಜು. ಕಾರು, ವ್ಯಾನುಗಳ ವೈರಿಂಗ್ ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡಿಕೊಂಡಿದ್ದೆ. ಇವನು ಜಂಬ ಕೊಚ್ಚುತ್ತಾನೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಇದ್ದದ್ದನ್ನು ಹೇಳಲು ನನಗೇನು ಸಂಕೋಚ? ನೀರಿಗೆ ಇಳಿಯುವ ಕೇಬಲ್ಲಿಗೆ ಜಾಯಿಂಟು ಹಾಕುವುದರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕಿನಲ್ಲಿ ನನ್ನ ಸಮ ಯಾರೂ ಇರಲಿಲ್ಲ.

ನಮ್ಮ ಕಡೆ ಮೆಕ್ಯಾನಿಕ್ಕಿನ ಯೋಗ್ಯತೆ ಅಳೆಯುವುದೇ ಜಾಯಿಂಟಿನಿಂದ. ನಾಲ್ಕುನೂರು ಅಡಿ ಕೆಳಗಿದ್ದ ಮೋಟಾರು ವರ್ಷಗಳ ಮೇಲೆ ಹೊರಗೆ ಬಂದಾಗ ರೈತ ಮೊದಲು ಕೇಬಲ್ಲಿನ ಗಂಟನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಒಳಗೆ ಒಂದು ಹನಿ ನೀರು ಹೋಗಿದ್ದರೂ ಸಾಕು, ಕಟ್ಟಿದವನ ಹೆಸರು ಸಂತೆಯಲ್ಲಿ ಹರಾಜು. ಹಾಗಾಗಿ ನಾನು ತಂತಿಯನ್ನು ಸುಲಿದು, ಹೆಣೆದು, ಬೆಸುಗೆ ಹಾಕಿ, ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಗಟ್ಟಿಯಾಗುವ ಅಂಟು ಸುರಿದು, ಅದು ಆರಿದ ಮೇಲೆ ಮತ್ತೊಂದು ಸುತ್ತು ಟೇಪು ಹಾಕುತ್ತಿದ್ದೆ. ಗ್ಯಾರೇಜು ತೆರೆದ ಮೇಲೂ ಕೈಗೆ ಅದೇ ರೂಢಿ ಉಳಿಯಿತು. ಹಾರ್ನಿನ ತಂತಿಯೇ ಇರಲಿ, ಲೈಟಿನ ತಂತಿಯೇ ಇರಲಿ, ನನ್ನ ಗಂಟು ಬಿದ್ದಿತೆಂದರೆ ಅದು ಬೋರಿಗೆ ಇಳಿಯಲು ತಯಾರು.

ತುಕ್ಕಾನಟ್ಟಿಯ ಒಬ್ಬ ಹೆಣ್ಣುಮಗಳು ವ್ಯಾನ್ ಓಡಿಸುತ್ತಾಳೆ. ಹೊಲದ ಮನೆಗಳಲ್ಲಿರುವ ಹದಿನಾಲ್ಕು ಮಕ್ಕಳನ್ನು ಬೆಳಿಗ್ಗೆ ಕೂಡಿಸಿಕೊಂಡು ಮೂಡಲಗಿಯ ಸಾಲೆಗೆ ಬಿಟ್ಟು, ಸಂಜೆ ವಾಪಸು ತರುತ್ತಾಳೆ. ನನ್ನನ್ನು ಕಾಕಾ ಎನ್ನುತ್ತಾಳೆ. ಗಂಡ ಹೊಲ ನೋಡಿಕೊಳ್ಳುವ ಸಾಧು ಮನುಷ್ಯ, ಅಪ್ಪನ ಎದುರು ಬಾಯಿ ಬಿಡುವವನಲ್ಲ. ಮನೆಯ ಯಜಮಾನಿಕೆ ಎಲ್ಲ ಮಾವನದು. ಸೊಸೆ ಗಾಡಿ ಹೊಡೆಯುವುದಕ್ಕೆ ಆ ಹಿರಿಯರು ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಮಕ್ಕಳ ತಂದೆತಾಯಿಗಳಿಂದ ಒಂದು ದೂರು ಬರಬಾರದು. ಎರಡು ವರ್ಷ ಬಂದಿರಲಿಲ್ಲ.

ಒಂದು ದಿನ ಕಾಲುವೆ ದಂಡೆಯ ಹಾದಿಯಲ್ಲಿ ಕಬ್ಬಿನ ಕೂಳೆಯೋ, ಬೇಲಿಯ ಮುಳ್ಳೋ ವ್ಯಾನಿನ ಹೊಟ್ಟೆಗೆ ಸಿಕ್ಕಿಕೊಂಡು ಅಡಿಯಲ್ಲಿದ್ದ ತಂತಿ ಕಿತ್ತುಬಂತು. ಅದು ಆಕ್ಸಿಜನ್ ಸೆನ್ಸರಿನ ತಂತಿ. ಹೊಗೆ ಹೋಗುವ ಪೈಪಿಗೆ ಪ್ಲಗ್ಗಿನ ಹಾಗೆ ತಿರುಪಿ ಕೂಡಿಸಿರುವ ಸಣ್ಣ ವಸ್ತು ಇದು. ಹೊಗೆಯಲ್ಲಿ ಗಾಳಿ ಎಷ್ಟು ಉಳಿದಿದೆ ನೋಡಿ, ಪೆಟ್ರೋಲ್ ಹೆಚ್ಚು ಹಾಕು, ಕಡಿಮೆ ಹಾಕು ಎಂದು ಗಾಡಿಯ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಾಯ್ದರೆ ಮಾತ್ರ ಅದಕ್ಕೆ ಬುದ್ಧಿ ಓಡುವುದರಿಂದ ಒಳಗೊಂದು ಪುಟ್ಟ ಹೀಟರು ಇರುತ್ತದೆ. ಎರಡು ತಂತಿ ಹೀಟರಿಗೆ, ಎರಡು ಸುದ್ದಿಗೆ. ನಾಲ್ಕನ್ನೂ ಜೋಡಿಸಿ, ನನ್ನ ಪದ್ಧತಿಯ ಪ್ರಕಾರ ಒಂದೇ ಉಂಡೆ ಮಾಡಿ ಅಂಟಿನಲ್ಲಿ ಮುಚ್ಚಿದೆ. ಹಿಡಕಲ್ ಡ್ಯಾಮಿನಲ್ಲಿ ಮುಳುಗಿಸಿದರೂ ಇದರೊಳಗೆ ನೀರು ಹೋಗುವುದಿಲ್ಲ ಎಂದು ಅವಳಿಗೆ ಹೇಳಿ ಕಳಿಸಿದೆ.

ಹದಿನೈದು ದಿನಕ್ಕೆ ವ್ಯಾನ್ ಮತ್ತೆ ಬಂತು. ಮೀಟರಿನ ಮೇಲೆ ಎಂಜಿನ್ನಿನ ಹಳದಿ ದೀಪ ಹತ್ತಿತ್ತು. ಹಿಂದಿನಿಂದ ಕರಿ ಹೊಗೆ, ನಿಂತಲ್ಲಿ ಗಡಗಡ ನಡುಕ, ಒಳಗೆ ಕೂತರೆ ಪೆಟ್ರೋಲಿನ ಗಮಲು. ಅವಳು ಇಳಿದವಳೇ ಬಹಳ ಸಾವಕಾಶವಾಗಿ ಹೇಳಿದಳು: "ಕಾಕಾ, ನೀವು ವಾಯರ್ ಜೋಡಿಸಿದ ಮ್ಯಾಲೆನ ಹಿಂಗ ಆಗಾಕತ್ತೇತ್ರಿ."

ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಬಾಜೂ ಕೂತು ಚಹಾ ಕುಡಿಯುತ್ತಿದ್ದ ಇಬ್ಬರಿಗೂ ಕೇಳುವ ಹಾಗೆ, ಜೋಡಿಸಿದ್ದು ತಂತಿ ತಾಯಿ, ಎಂಜಿನ್ನಲ್ಲ ಎಂದೆ. ಅವರೂ ನಕ್ಕರು. ಅವಳು ನಗಲಿಲ್ಲ.

ಸ್ಕ್ಯಾನರ್ ಹಚ್ಚಿದೆ. ಹೊಗೆಯಲ್ಲಿ ಗಾಳಿಯೇ ಹೆಚ್ಚಾಗಿದೆ, ಪೆಟ್ರೋಲ್ ಸಾಲದು ಎಂದು ಸೆನ್ಸರು ಸುದ್ದಿ ಕೊಡುತ್ತಿತ್ತು. ಕಂಪ್ಯೂಟರು ಪಾಪ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಿತ್ತು. ಕಣ್ಣೆದುರಿಗೆ ಕರಿ ಹೊಗೆ ಉಗುಳುವ ಗಾಡಿಗೆ ಪೆಟ್ರೋಲ್ ಸಾಲದು ಎಂದರೆ ಸೆನ್ಸರು ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಮೀಟರ್ ಹಿಡಿದು ಹೀಟರು ನೋಡಿದೆ, ಸುಟ್ಟಿರಲಿಲ್ಲ. ಕರೆಂಟು ಬರುತ್ತಿತ್ತು. ತಂತಿ ಎಲ್ಲೂ ಕಡಿದಿರಲಿಲ್ಲ. ಹಾಗಾದರೆ ಸೆನ್ಸರಿಗೆ ವಯಸ್ಸಾಗಿದೆ, ಹೊಸದು ಹಾಕಬೇಕು ಎಂದು ತೀರ್ಮಾನಿಸಿದೆ. ಇದರಲ್ಲಿ ಯಾವ ಹೆಜ್ಜೆಯೂ ತಪ್ಪಿರಲಿಲ್ಲ, ಇವತ್ತೂ ಹಾಗೆಯೇ ಹೇಳುತ್ತೇನೆ. ಪ್ರತಿಯೊಂದನ್ನೂ ಅಳೆದೆ, ನನ್ನ ಸ್ವಂತ ಕೆಲಸವನ್ನೊಂದು ಬಿಟ್ಟು.

ಹೊಸ ಸೆನ್ಸರನ್ನು ಹುಕ್ಕೇರಿಯಿಂದ ತರಿಸಿದೆ. ಅಲ್ಲಿ ನನ್ನ ಹಳೆಯ ಜೊತೆಗಾರನ ಅಂಗಡಿಯಿದೆ. ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಅವನದು ಮಾತು ಕಡಿಮೆ, ನಾನು ಎಂಥವನು ಎಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಆ ಸೆನ್ಸರಿಗೆ ಬರೀ ನಾಲ್ಕು ತಂತಿ ಇದ್ದವು, ತುದಿಗೆ ಸಾಕೆಟ್ ಇರಲಿಲ್ಲ. ಹಳೆಯದರ ಸಾಕೆಟ್ಟನ್ನು ಕತ್ತರಿಸಿ ಇದಕ್ಕೆ ಜೋಡಿಸಿದೆ. ಮತ್ತೆ ಅದೇ ಬೆಸುಗೆ, ಅದೇ ಟೇಪು, ಅದೇ ಅಂಟು. ವ್ಯಾನ್ ಬೆಣ್ಣೆಯ ಹಾಗೆ ಓಡಿತು. ಐದು ದಿನ.

ಆರನೆಯ ದಿನ ಹಳದಿ ದೀಪ ಮತ್ತೆ ಹತ್ತಿತು. ಈ ಸಲ ನನ್ನ ತಲೆ ಕೆಟ್ಟಿತು. ಹೊಸ ಸೆನ್ಸರ್ ಹಾಕಿದ್ದೇನೆ, ಎಲ್ಲ ನೋಡಿದ್ದೇನೆ, ಮತ್ತೆ ಬಂದು ನಿಂತರೆ ನಾನೇನು ಮಾಡಲಿ? ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಹೊಡೆಯುತ್ತೀಯ, ಸಣ್ಣ ಗೇರಿನಲ್ಲಿ ಎಂಜಿನ್ ಕಿರುಚಿಸುತ್ತೀಯ, ಸಿಕ್ಕಸಿಕ್ಕಲ್ಲಿ ಬಾಟಲಿ ಪೆಟ್ರೋಲ್ ಹಾಕಿಸುತ್ತೀಯ ಎಂದು ಅವಳಿಗೆ ಬೈದೆ. ಇವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡಿದ್ದೆನೇ? ಇಲ್ಲ. ಬೈಯುವವನಿಗೆ ಸಾಕ್ಷಿ ಯಾಕೆ ಬೇಕು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಎರಡು ದಿನ ಕಳೆದು ಅವಳ ಮಾವನ ಫೋನು ಬಂತು. ವ್ಯಾನಿನ ವಾಸನೆಗೆ ಮಕ್ಕಳು ವಾಂತಿ ಮಾಡಿಕೊಳ್ಳುತ್ತಿವೆ, ಎರಡು ಮನೆಯವರು ಕಳಿಸುವುದನ್ನು ನಿಲ್ಲಿಸಿದ್ದಾರೆ, ತಪ್ಪು ಗಾಡಿಯದೋ ಹೊಡೆಯುವವರದೋ ನೀವೇ ಹೇಳಬೇಕು ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಗಾಡಿಗೆ ಏನೂ ಆಗಿಲ್ಲ, ಹೊಡೆಯುವ ಕೈ ಸರಿ ಇಲ್ಲ ಎಂದುಬಿಟ್ಟೆ. ಹೇಳಿ ಫೋನ್ ಇಟ್ಟು ಊಟಕ್ಕೆ ಹೋದೆ. ಊಟವೂ ಚೆನ್ನಾಗಿಯೇ ಸೇರಿತು.

ಮುಂದಿನ ಬುಧವಾರ ಮಕ್ಕಳನ್ನು ಸಾಲೆಗೆ ಬಿಟ್ಟು ಅವಳು ನೇರ ಗ್ಯಾರೇಜಿಗೆ ಬಂದಳು. ಮುಖ ಊದಿಕೊಂಡಿತ್ತು, ಆದರೆ ಅಳುತ್ತಿರಲಿಲ್ಲ. ಎಂಜಿನ್ ಬಂದ್ ಮಾಡದೆ ಕಿಟಕಿಯಿಂದಲೇ ಹೇಳಿದಳು: "ಶುಕ್ರವಾರ ಗಾಡಿ ಒಯ್ಯಾಕ ರಾಯಬಾಗದವ್ರು ಬರ್ತಾರ್ರಿ. ಮಾವಾರು ಮಾರಾಕ ಮಾತ ಕೊಟ್ಟಾರ. ಗಾಡಿ ಹೋದ್ರ ನಾ ಮತ್ತ ಕುರಪಿ ಹಿಡಕೊಂಡು ಕಸ ತಗ್ಯಾಕ ಹೋಗಬೇಕು. ನನ್ನ ಕೈ ಸರಿ ಇಲ್ಲ ಅಂದ್ರಂತಲ್ಲ, ಬರ್ರಿ, ನನ್ನ ಬಾಜೂ ಕುಂತ ನೋಡ್ರಿ. ಆಮ್ಯಾಲೆ ಹೇಳ್ರಿ."

ಹತ್ತಿ ಕೂತೆ. ಅವಳ ಸಿಟ್ಟಿನ ಮುಂದೆ ನನ್ನದು ನಡೆಯುವ ಹಾಗಿರಲಿಲ್ಲ. ಅರಭಾವಿಯವರೆಗೆ ಹೋಗಿ ಬರೋಣ ಎಂದಳು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಗೇರು ಬದಲಿಸುವಾಗ ಮಾತ್ರ ಕ್ಲಚ್ಚಿಗೆ ಕಾಲು ಹೋಗುತ್ತಿತ್ತು, ಮುಗಿದ ಕೂಡಲೇ ಪಕ್ಕಕ್ಕೆ ಸರಿಯುತ್ತಿತ್ತು. ಎದುರಿಗೆ ಎರಡು ಟ್ರೇಲರಿನ ಟ್ರ್ಯಾಕ್ಟರು ರಸ್ತೆ ತುಂಬ ಬಂದಾಗಲೂ ಗಾಬರಿಯಾಗದೆ ಗೇರು ಇಳಿಸಿ, ಮಣ್ಣಿಗೆ ಒಂದು ಚಕ್ರ ಮಾತ್ರ ಇಳಿಸಿ ದಾಟಿದಳು. ಸ್ಪಷ್ಟ ಹೇಳುತ್ತೇನೆ, ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಅರಭಾವಿಯ ಕಾಲೇಜಿನ ಗೇಟು ಬರುವಷ್ಟರಲ್ಲಿ ಪೆಟ್ರೋಲಿನ ವಾಸನೆಗೆ ನನ್ನ ತಲೆ ಸಿಡಿಯತೊಡಗಿತ್ತು. ಇದರಲ್ಲಿ ದಿನಾ ಹದಿನಾಲ್ಕು ಮಕ್ಕಳು ಕೂರುತ್ತವೆ ಎಂದು ನೆನೆದು ಮೈ ಜುಮ್ಮೆಂದಿತು.

ಕೈ ಸರಿಯಿದೆ. ಕಾಲು ಸರಿಯಿದೆ. ಎಂಜಿನ್ ಸರಿಯಿದೆ. ಹಾಗಾದರೆ ಉಳಿದದ್ದು ಯಾವುದು? ನಿಮ್ಮಲ್ಲಿ ಯಾರಾದರೂ ಆಗಿದ್ದರೆ ಜಾಯಿಂಟು ಎನ್ನುತ್ತಿದ್ದಿರಿ. ನನಗೆ ಹೊಳೆದದ್ದು ಹುಕ್ಕೇರಿಯ ನನ್ನ ಗೆಳೆಯ. ಡೂಪ್ಲಿಕೇಟ್ ಸೆನ್ಸರ್ ಕೊಟ್ಟಿದ್ದಾನೆ! ಮೂವತ್ತು ವರ್ಷದ ಸ್ನೇಹಕ್ಕೆ ಮೋಸ ಮಾಡಿದ್ದಾನೆ! ತಿರುಗಿಸು ಗಾಡಿ ಹುಕ್ಕೇರಿಗೆ ಎಂದೆ. ಸಂಜೆ ಸಾಲೆ ಬಿಡುವ ಹೊತ್ತಿಗೆ ವಾಪಸು ಬರಬೇಕು ಎಂದಷ್ಟೇ ಅವಳು ಹೇಳಿದಳು. ನಾಲ್ಕೂ ಕಿಟಕಿ ತೆರೆದುಕೊಂಡು ಘಟಪ್ರಭಾ ದಾಟಿ ಹೊರಟೆವು. ದಾರಿಯುದ್ದಕ್ಕೂ ಅವನಿಗೆ ಏನೇನು ಬೈಯಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಹಿಡಕಲ್ ಡ್ಯಾಮಿನ ನೀರು ಕಂಡದ್ದೂ ಗೊತ್ತಾಗಲಿಲ್ಲ.

ಹುಕ್ಕೇರಿಯಲ್ಲಿ ಅವನ ಅಂಗಡಿಯ ಮುಂದೆ ಇಳಿದವನೇ ಶುರುಮಾಡಿದೆ. ಅಂಗಡಿಗೆ ಬಂದಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನು ನನ್ನ ಮಾತು ಮುಗಿಯುವವರೆಗೆ ಎಲೆ ಅಡಿಕೆ ಜಗಿಯುತ್ತ ನಿಂತು, ಆಮೇಲೆ ಅವಳಿಗೆ ಕೂರಲು ಕುರ್ಚಿ ಹಾಕಿ, ನೀರು ಕೊಟ್ಟು, ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ವ್ಯಾನಿನ ಕೆಳಗೆ ನುಸುಳಿದ. ಪೈಪು ಆರುವವರೆಗೂ ಕಾದು ಸೆನ್ಸರನ್ನು ಬಿಚ್ಚಿ ತಂದ. ಅವನ ಈ ಸಾವಧಾನಕ್ಕೆ ನನಗೆ ಇನ್ನಷ್ಟು ಉರಿಯಿತು.

ಸೆನ್ಸರನ್ನು ವೈಸಿಗೆ ಕಚ್ಚಿಸಿ, ಸುದ್ದಿ ಕೊಡುವ ಎರಡು ತಂತಿಗೆ ಮೀಟರ್ ಹಚ್ಚಿ, ಅದರ ಮೂತಿಗೆ ಗ್ಯಾಸಿನ ಉರಿ ಹಿಡಿದ. ಉರಿಯಲ್ಲಿ ಗಾಳಿ ಇರುವುದಿಲ್ಲ, ಆದ್ದರಿಂದ ಒಳ್ಳೆಯ ಸೆನ್ಸರಾದರೆ ಮೀಟರು ಪಾಯಿಂಟ್ ಒಂಬತ್ತು ವೋಲ್ಟಿನ ಹತ್ತಿರ ಏರಬೇಕು. ಮೂತಿ ಕೆಂಪಗೆ ಕಾಯ್ದರೂ ಮೀಟರು ಪಾಯಿಂಟ್ ಒಂದು ಬಿಟ್ಟು ಏಳಲಿಲ್ಲ. ನೋಡು, ನಿನ್ನ ಮಾಲು ನೋಡು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನು ಅದೇ ಪೆಟ್ಟಿಗೆಯಿಂದ ಇನ್ನೊಂದು ಸೆನ್ಸರ್ ತೆಗೆದು ಹಾಗೆಯೇ ಉರಿ ಹಿಡಿದ. ಪಾಯಿಂಟ್ ಎಂಟು, ಪಾಯಿಂಟ್ ಒಂಬತ್ತು. ಹಾಗಾದರೆ ನನಗೇ ಆರಿಸಿ ಕೆಟ್ಟದ್ದನ್ನು ಕೊಟ್ಟೆಯಾ ಎಂದೆ.

ಆಗ ಅವನು ನನ್ನ ಜಾಯಿಂಟನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದ. "ಇದನ್ನ ಬೋರಿಗೆ ಇಳಸಾಂವ ಇದ್ದೇನು?" ಎಂದ. ಗಿರಾಕಿಗಳು ನಕ್ಕರು. ಕಟರ್ ತೆಗೆದುಕೊಂಡು ಗಂಟಿಗೂ ಸೆನ್ಸರಿಗೂ ನಡುವೆ ನಾಲ್ಕೂ ತಂತಿಗಳನ್ನು ಕಚಕ್ಕನೆ ಕತ್ತರಿಸಿದ. ಬೋಳು ತುದಿಗಳಿಗೆ ಮೀಟರ್ ಹಚ್ಚಿ ಅದೇ ಸೆನ್ಸರಿಗೆ ಮತ್ತೆ ಉರಿ ಹಿಡಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಾಯಿಂಟ್ ಎರಡು. ನಾಲ್ಕು. ಏಳು. ಒಂಬತ್ತಕ್ಕೆ ಹತ್ತಿ ನಿಂತಿತು.

ಅವನೇ ಬಿಡಿಸಿ ಹೇಳಿದ. ಸೆನ್ಸರಿನ ಮೂತಿ ಹೊಗೆಯಲ್ಲಿ ಇರುತ್ತದೆ ಸರಿ, ಆದರೆ ಹೊಗೆಯಲ್ಲಿ ಗಾಳಿ ಎಷ್ಟಿದೆ ಎಂದು ತಿಳಿಯಬೇಕಾದರೆ ಹೊರಗಿನ ಗಾಳಿಯ ಜೊತೆ ಹೋಲಿಸಿ ನೋಡಬೇಕು. ಆ ಹೊರಗಿನ ಗಾಳಿ ಒಳಗೆ ಹೋಗುವುದು ತಂತಿಯ ಎಳೆಗಳ ಸಂದಿಯಿಂದಲೇ. ಸಂದಿಗೆ ಬೆಸುಗೆ ತುಂಬಿ, ಮೇಲೆ ಅಂಟು ಸುರಿದರೆ ಅದು ಒಳಗಿದ್ದ ಗಾಳಿ ತೀರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಹೊಸದು ಐದು ದಿನ ಓಡಿದ್ದು ಅದಕ್ಕೇ. "ನೀರ ಹೋಗಬಾರದು ಅಂತ ಗಾಳೀನೂ ನಿಲ್ಲಿಸಿಬಿಟ್ಟಿ ನೋಡು," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕುರ್ಚಿಯ ಮೇಲೆ ಕೂತಿದ್ದ ಅವಳ ಕಡೆ ನೋಡಿದೆ. ನಾನು ಅಂದೇ ಹೇಳಿದ್ದೆ ಎಂದು ಅವಳು ಒಂದು ಸಲ ಅಂದಿದ್ದರೂ ನಾನು ಏನಾದರೂ ಜಗಳ ತೆಗೆದು ಪಾರಾಗುತ್ತಿದ್ದೆ. ಅವಳು ಮೀಟರನ್ನೇ ನೋಡುತ್ತಿದ್ದಳು. ಹಾಗಾದರೆ ಈಗ ಸರಿಯಾಗುತ್ತದೆಯಾ ಎಂದು ನನ್ನ ಗೆಳೆಯನನ್ನು ಕೇಳಿದಳು, ನನ್ನನ್ನಲ್ಲ. ನನಗೆ ನಾಚಿಕೆಯಾಯಿತು. ಅಷ್ಟು ಜನರೆದುರು ಗೆಳೆಯನನ್ನು ಕಳ್ಳ ಎಂದದ್ದಕ್ಕೆ ಅಷ್ಟೇ ಜನರೆದುರು ತಪ್ಪಾಯಿತು ಎಂದೆ. ಅವನು ಮಾತು ಬದಲಿಸಿ ಚಹಾ ತರಿಸಿದ.

ಜೋಡಿಸುವ ಕೆಲಸ ನಾನೇ ಮಾಡಿದೆ. ಬೆಸುಗೆ ಇಲ್ಲ, ಅಂಟು ಇಲ್ಲ. ತಂತಿಯ ತುದಿಗಳನ್ನು ಕ್ಲಿಪ್ಪಿನಲ್ಲಿ ಒತ್ತಿ ಹಿಡಿಸಿ, ಮೇಲೊಂದು ಸಡಿಲ ಕವಚ ಹಾಕಿ, ಕೆಸರು ಸಿಡಿಯದ ಹಾಗೆ ಮೇಲಕ್ಕೆ ಎತ್ತಿ ಕಟ್ಟಿದೆ. ನೀರು ಹೋಗಬಹುದಾದ ಜಾಯಿಂಟನ್ನು ಬೇಕೆಂದೇ ಹಾಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೈಗೆ ಅದು ಒಗ್ಗಲೇ ಇಲ್ಲ, ಎರಡು ಸಲ ತಾನಾಗಿಯೇ ಟೇಪಿನ ಕಡೆ ಹೋಯಿತು. ಕತ್ತರಿಸಿದ ಉಂಡೆಯನ್ನು ಜೇಬಿಗೆ ಹಾಕಿಕೊಂಡೆ. ವಾಪಸು ಬರುವಾಗ ವ್ಯಾನು ಸದ್ದಿಲ್ಲದೆ ಓಡಿತು, ಕಿಟಕಿ ಮುಚ್ಚಿದರೂ ವಾಸನೆ ಇರಲಿಲ್ಲ, ಹಳದಿ ದೀಪವೂ ಇರಲಿಲ್ಲ. ಸಾಲೆ ಬಿಡುವ ಹೊತ್ತಿಗೆ ಮೂಡಲಗಿ ಮುಟ್ಟಿದೆವು. ಮಕ್ಕಳು ಹತ್ತಿದವು. ನಾನು ಇಳಿಯಲಿಲ್ಲ. ಗಾಡಿಯನ್ನು ಸರಿಮಾಡಿದ್ದೆ, ಆಡಿದ ಮಾತು ಇನ್ನೂ ತುಕ್ಕಾನಟ್ಟಿಯಲ್ಲಿ ಕೂತಿತ್ತು.

ಮಕ್ಕಳನ್ನೆಲ್ಲ ಅವರವರ ಮನೆಗೆ ಇಳಿಸಿ ಅವಳ ಹೊಲದ ಮನೆಯ ಅಂಗಳಕ್ಕೆ ಬಂದಾಗ ವ್ಯಾನು ನಿಲ್ಲಿಸುವ ತಗಡಿನ ಚಪ್ಪರದಲ್ಲಿ ಎಮ್ಮೆ ಕಟ್ಟಿದ್ದರು. ಪಕ್ಕದಲ್ಲಿ ಮೇವಿನ ಸಿವುಡುಗಳನ್ನು ಒಟ್ಟಿದ್ದರು. ಗಾಡಿ ಇನ್ನೂ ಮನೆಯಲ್ಲಿರುವಾಗಲೇ ಅದರ ಜಾಗ ಹೋಗಿತ್ತು. ಅವಳು ಬ್ರೇಕ್ ಹಾಕಿ ಚಪ್ಪರದ ಮುಂದೆ ಹಾಗೆಯೇ ಕೂತಳು.

ಹೊರಸಿನ ಮೇಲೆ ಕೂತಿದ್ದ ಮಾವ ನನ್ನನ್ನು ಕಂಡು ಎದ್ದು ನಿಂತು ಶರಣು ಎಂದರು. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ. ಕೂರಿಸಿ ನೀರು ತರಿಸಿದರು. ನಾನು ನೀರು ಮುಟ್ಟದೆ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಗಾಡಿಯ ತಪ್ಪಲ್ಲ, ಹೊಡೆಯುವವಳ ತಪ್ಪೂ ಅಲ್ಲ, ನಾನು ಹಾಕಿದ ಜಾಯಿಂಟಿನದು ಎಂದೆ. ಅವರು ಕೊನೆಯವರೆಗೂ ಕೇಳಿ ನಕ್ಕರು.

"ಒಂಬತ್ತ ವರ್ಷ ಆತ್ರಿ, ನೀವು ಕಟ್ಟಿದ ಜಾಯಿಂಟು ನಮ್ಮ ಬೋರಿನ್ಯಾಗ ಐತಿ. ಒಂದ ಹನಿ ಒಳಗ ಹೋಗಿಲ್ಲ. ನಿಮ್ಮ ಕೈ ತಪ್ಪತೈತಿ ಅಂದ್ರ ನಾ ಹೆಂಗ ನಂಬಲಿ? ಹೆಣ್ಣಮಗಳು ಅಂತ ಕನಿಕರ ಬಂದೇತಿ ನಿಮಗ. ದೊಡ್ಡ ಮನಸು ನಿಮ್ಮದು."

ಇಪ್ಪತ್ತು ವರ್ಷ ಇಂಥ ಮಾತು ಕೇಳುವುದಕ್ಕೇ ದುಡಿದವನು ನಾನು. ಈಗ ಅದೇ ಹೆಸರು ಅವಳ ಕೊರಳಿಗೆ ಉರುಳಾಗಿ ಬಂದಿತ್ತು. ನಾನು ನಿಜ ಹೇಳಿದರೆ ಅದು ನನ್ನ ದೊಡ್ಡತನವಾಗುತ್ತಿತ್ತು, ಅವಳು ಮಾತ್ರ ತಪ್ಪಿತಸ್ಥಳಾಗಿಯೇ ಉಳಿಯುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು, ಈ ಸಲ ಸರಿಯಾದ ಮನುಷ್ಯನ ಮೇಲೆ, ಅಂದರೆ ನನ್ನ ಮೇಲೆ. ಜೇಬಿನಿಂದ ಆ ಉಂಡೆಯನ್ನು ತೆಗೆದು ಹೊರಸಿನ ಮೇಲೆ ಕುಕ್ಕಿದೆ.

"ಕನಿಕರ ಅಲ್ರೀ ಇದು. ಈ ಜಾಯಿಂಟು ಅಗದೀ ಛಲೋ ಐತಿ, ಅದನ ತಪ್ಪಾತು. ನೀರಾಗ ಹಾಕೂದನ್ನ ಗಾಳಿ ಬೇಕಾದಲ್ಲೆ ಹಾಕಿದೆ. ನಿಮ್ಮ ಸೊಸಿ ಮೊದಲನೇ ದಿನಾನ ಹೇಳಿದ್ಲು, ನೀವು ಜೋಡಿಸಿದ ಮ್ಯಾಲೆ ಹಿಂಗಾಗೇತಿ ಅಂತ. ನಾ ನಾಕ ಮಂದಿ ಮುಂದ ಅಕಿಗೆ ನಕ್ಕೆ. ಹೊಡಿಯೂ ಕೈ ಸರಿ ಇಲ್ಲ ಅಂತ ನಿಮಗ ಹೇಳಿದ್ನಲ್ಲ, ಸರಿ ಇರಲಾರದ್ದು ನನ್ನ ಕೈರಿ."

ಹಿರಿಯರ ನಗು ಇಳಿಯಿತು. ಉಂಡೆಯನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ವ್ಯಾನಿನ ಕಡೆ ನೋಡಿದರು. ಅವಳು ಕಿಟಕಿಗೆ ಮೊಳಕೈ ಊರಿ ಎಲ್ಲ ಕೇಳುತ್ತಿದ್ದಳು.

"ಖರೇನ ಮೊದಲ ಹೇಳಿದ್ಯಾ?"

"ಹೇಳಿದ್ದೇನ್ರಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನಿಮಗೂ ಹೇಳಿದ್ದೇನ್ರಿ ಮಾವಾರ. ಅವತ್ತ ಸಂಜಿಕೇನ ಹೇಳಿದ್ದೆ."

ಮಾವ ಉಂಡೆಯನ್ನು ಹೊರಸಿನ ಮೇಲಿಟ್ಟು, ಜೇಬಿನಿಂದ ಫೋನ್ ತೆಗೆದು, ಶುಕ್ರವಾರ ಬರಬೇಡಿ, ಗಾಡಿ ಕೊಡುವುದಿಲ್ಲ ಎಂದು ರಾಯಬಾಗದವರಿಗೆ ಎರಡೇ ಮಾತಿನಲ್ಲಿ ಹೇಳಿದರು. ಆಮೇಲೆ ಚಪ್ಪರಕ್ಕೆ ಹೋಗಿ ಎಮ್ಮೆಯ ಹಗ್ಗ ಬಿಚ್ಚತೊಡಗಿದರು. ನಾನು ಎದ್ದು ಮೇವಿನ ಸಿವುಡುಗಳನ್ನು ಒಂದೊಂದಾಗಿ ಹೊರಗೆ ಹೊತ್ತು ಹಾಕಿದೆ. ನಾವಿಬ್ಬರು ಜಾಗ ಖಾಲಿ ಮಾಡುವವರೆಗೂ ಅವಳು ಎಂಜಿನ್ ಬಂದ್ ಮಾಡಲಿಲ್ಲ.